ರತ್ನಗಂಬಳಿಯ ಅಂಚಿನಲ್ಲಿ ಬಣ್ಣದ ಕೆಲಸ

ಸನತ್‌ನಗರದ ವಸತಿಗೃಹವೊಂದರಲ್ಲಿ ಕಳೆದ ಮಳೆಗಾಲ ನಮ್ಮ ಕಣ್ಣಿಗೆ ಬಿದ್ದ ಒಂದು ಕಲೆಯೇ ಈ ಲೇಖನಕ್ಕೆ ಕಾರಣವಾಯಿತು. ಅಂಗೈಯಗಲದ ಕಲೆ, ಬಿಳಿಯ ಎನಾಮಲ್ ಬಣ್ಣದ್ದು. ಕಡುಗೆಂಪು ರತ್ನಗಂಬಳಿಯ ಮೇಲೆ, ಬಾಗಿಲು ತೆರೆದವರ ದೃಷ್ಟಿ ಮೊದಲು ಹರಿಯುವ ಮೂಲೆಯಲ್ಲಿಯೇ ಅದು ಬಿದ್ದಿತ್ತು. ಅದರ ಬದಿಗೆ ಬೈಂದೂರು ಕಡೆಯ ಹುಡುಗನೊಬ್ಬ ಮೊಣಕಾಲೂರಿ ಕುಳಿತು, ಬಟ್ಟೆಯ ತುಂಡೊಂದರಿಂದ ಅದನ್ನು ಬಲವಾಗಿ ಉಜ್ಜುತ್ತಿದ್ದನು. ಉಜ್ಜಿದಷ್ಟೂ ಕಲೆ ಹಿಗ್ಗುತ್ತಿತ್ತು. ಹುಡುಗನು ಬಣ್ಣಗಾರನಲ್ಲ, ಕೋಣೆಗಳಿಗೆ ಚಹಾ ನೀರು ಒಯ್ಯುವ ಮಾಣಿ. ಗಿರಾಕಿಗಳು ಕಡಿಮೆಯಿದ್ದ ದಿನಗಳಲ್ಲಿ ಮಾಣಿಗಳ ಕೈಯಿಂದಲೇ ಬಣ್ಣದ ಕೆಲಸವನ್ನು ತೀರಿಸಿಕೊಳ್ಳುವುದು ಲಾಭವೆಂದು ಯಜಮಾನರಿಗೆ ತೋರಿತ್ತು. ಕಲೆ ಹೋಗಲಿಲ್ಲ. ಅದರ ಬೆಲೆಯನ್ನು ಮೂರು ತಿಂಗಳ ಸಂಬಳದಲ್ಲಿ ಕಂತುಕಂತಾಗಿ ಮುರಿದುಕೊಳ್ಳುವುದೆಂದು ಅಂದು ಸಂಜೆಯೇ ನಿರ್ಣಯವಾಯಿತು. ಊರಿಗೆ ಹಣ ಕಳುಹಿಸುವ ಹುಡುಗನಿಗೆ ಇದು ಸಣ್ಣ ಸಂಗತಿಯಲ್ಲವೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉರ್ದುವಿನಲ್ಲಿ ‘ಸನತ್’ ಎಂದರೆ ಕೈಕಸಬು, ಉದ್ಯಮ ಎಂದರ್ಥ. ಹೆಸರಿಗೆ ತಕ್ಕಂತೆ ಇದು ಕಾರ್ಖಾನೆಗಳ ಊರು. 1942 ರಲ್ಲಿ ಸ್ಥಾಪನೆಗೊಂಡ ಹೈದರಾಬಾದ್ ಆಲ್ವಿನ್ ಸಂಸ್ಥೆಯು ಶೀತಪೆಟ್ಟಿಗೆಗಳನ್ನೂ ಬಸ್ಸುಗಳ ಮೈಗಳನ್ನೂ ತಯಾರಿಸಿ ಈ ನಗರಕ್ಕೆ ಹೆಸರು ತಂದಿತ್ತು, ಈಗ ಅದು ನೆನಪು ಮಾತ್ರ. 1956 ರ ನವೆಂಬರ್ 1 ರಂದು ಬೀದರ, ಕಲಬುರ್ಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಆ ಸೀಮೆಯ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಸನತ್‌ನಗರದ ನಿಲ್ದಾಣದ ಮೂಲಕ ಹಾಯುವ ರೈಲು ಹಳಿ ನೇರವಾಗಿ ವಾಡಿಯನ್ನು ಮುಟ್ಟುತ್ತದೆ. ವಾಡಿಯ ಆಚೆಗೇ ಶಹಾಬಾದು. ಆ ಊರಿನ ಸುಣ್ಣದ ಕಲ್ಲಿನ ಚಪ್ಪಡಿಗಳು ಈ ನಗರದ ಅದೆಷ್ಟೋ ಮನೆಗಳ ನೆಲವಾಗಿವೆ. ಬೇಸಗೆಯ ಮಧ್ಯಾಹ್ನದಲ್ಲಿ ಆ ನೆಲದ ಮೇಲೆ ಬರಿಗಾಲಿನಲ್ಲಿ ನಡೆದವರಿಗೆ ಅದರ ಸುಖ ಗೊತ್ತು. ಇಂತಹ ಕಲ್ಲಿನ ಮೇಲೆ ಗೋಡೆಯಿಂದ ಗೋಡೆಗೆ ರತ್ನಗಂಬಳಿ ಹಾಸುವ ಷೋಕಿ ನಮಗಂತೂ ಒಪ್ಪಿತವಲ್ಲ. ಕಲ್ಲಿನ ಮೇಲೆ ಬಿದ್ದ ಬಣ್ಣವನ್ನು ಒರಸಿ ತೆಗೆಯಬಹುದು, ಗಂಬಳಿಯ ಮೇಲೆ ಬಿದ್ದದ್ದು ಸಂಬಳಕ್ಕೆ ಬರುತ್ತದೆ. ಆದರೆ ವಸತಿಗೃಹಗಳಲ್ಲಿಯೂ ಕಚೇರಿಗಳಲ್ಲಿಯೂ ಇಂತಹ ಕೋಣೆಗಳಿವೆ. ಅವುಗಳಲ್ಲಿ ದುಡಿಯುವವರು ನಮ್ಮವರು, ಆದುದರಿಂದ ಕೆಲಸದ ಮರ್ಮವನ್ನು ತಿಳಿದಿರುವುದು ಲೇಸು.

ಗೋಡೆಯ ಬುಡದಲ್ಲಿ ನೆಲಕ್ಕೆ ತಾಗಿದಂತೆ ನಾಲ್ಕರಿಂದ ಆರು ಅಂಗುಲ ಎತ್ತರಕ್ಕೆ ಓಡುವ ಪಟ್ಟಿಗೆ ಸ್ಕರ್ಟಿಂಗ್ ಎನ್ನುತ್ತಾರೆ. ಕಲ್ಲಿನದಾದರೆ ಬಣ್ಣ ಬೇಕಾಗದು. ಮರದ್ದಾಗಲಿ ಗಾರೆಯದಾಗಲಿ ಆದರೆ, ಕಸಬರಿಗೆಯ ಹೊಡೆತಕ್ಕೂ ಪೆಟ್ಟಿಗೆಗಳ ತಿಕ್ಕಾಟಕ್ಕೂ ಬೇಗ ಮಾಸಿಹೋಗಿ, ಗೋಡೆಗಿಂತ ಮೊದಲು ಬಣ್ಣ ಬೇಡುತ್ತದೆ. ಕೆಳಗೆ ಗಂಬಳಿಯ ನೂಲು ಆ ಪಟ್ಟಿಗೆ ಅಂಟಿಕೊಂಡು ನಿಂತಿರುತ್ತದೆ. ಕುಂಚದ ತುದಿ ಅಲ್ಲಿಗೆ ತಲುಪಿದಾಗ ನೂಲು ಬಣ್ಣವನ್ನು ಬತ್ತಿಯಂತೆ ಹೀರುತ್ತದೆ. ತೊಂದರೆ ಇರುವುದು ಈ ಅರ್ಧ ಅಂಗುಲದಲ್ಲಿಯೇ.

ರಾಯಚೂರು ಸೀಮೆಯವರಾದ ವೃದ್ಧ ಬಣ್ಣಗಾರರೊಬ್ಬರು ಆ ಹುಡುಗನಿಗಾಗಿ ಒಂದು ಭಾನುವಾರ ಅದೇ ವಸತಿಗೃಹಕ್ಕೆ ಬಂದು ಕೆಲಸ ತೋರಿಸಿಕೊಟ್ಟರು. ನಾವೂ ಜತೆಗಿದ್ದೆವು. ಬೆಳಗಿನ ಒಂಬತ್ತು ಗಂಟೆಗೆ ಬಂದವರು ಹನ್ನೊಂದಾದರೂ ಬಣ್ಣದ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಹುಡುಗನು ಚಡಪಡಿಸಿದಾಗ, “ಅವಸರ ಮಾಡಬ್ಯಾಡ ತಮ್ಮಾ, ಇದು ಅರ್ಧ ಕೆಲಸ ಆತು” ಎಂದರು.

ಮೊದಲು ಅವರು ಗಂಬಳಿಯ ಅಂಚನ್ನು ಒಂದು ಮೂಲೆಯಲ್ಲಿ ಮೆಲ್ಲನೆ ಎತ್ತಿ ನೋಡಿದರು. ಕೆಲವೆಡೆ ಗಂಬಳಿಯನ್ನು ಗೋಡೆಯ ಬುಡದಲ್ಲಿ ಹೊಡೆದ ಮರದ ಪಟ್ಟಿಯ ಓರೆ ಮೊಳೆಗಳಿಗೆ ಎಳೆದು ಸಿಕ್ಕಿಸಿರುತ್ತಾರೆ. ಅಂತಹದನ್ನು ಇಕ್ಕಳದಿಂದ ಹಿಡಿದು ಬಿಡಿಸಿ, ಒಂದು ಗೇಣು ಹಿಂದಕ್ಕೆ ಮಡಿಚಿ, ಕೆಲಸ ಮುಗಿದು ಬಣ್ಣ ಒಣಗಿದ ಮೇಲೆ ಮತ್ತೆ ಸಿಕ್ಕಿಸಬಹುದು. ಬೆರಳು ಮಾತ್ರ ಜೋಪಾನ, ಆ ಮೊಳೆಗಳು ಸೂಜಿಯಂತಿರುತ್ತವೆ. ಅಗ್ಗದ ಕೋಣೆಗಳಲ್ಲಾದರೋ ಗಂಬಳಿಯನ್ನು ಗೋಂದಿನಿಂದ ನೆಲಕ್ಕೆ ಅಂಟಿಸಿಬಿಟ್ಟಿರುತ್ತಾರೆ, ಎತ್ತಲು ಹೋದರೆ ಹರಿಯುತ್ತದೆ. ಇಲ್ಲಿಯದು ಎರಡನೆಯ ಬಗೆಯದು.

ಆನಂತರ ಧೂಳು. ಗಂಬಳಿ ಗೋಡೆಗೆ ಸೇರುವ ಸಂದಿನಲ್ಲಿ ವರ್ಷಗಟ್ಟಲೆಯ ಧೂಳೂ ಕೂದಲೂ ಕೂಡಿಕೊಂಡಿರುತ್ತವೆ. ಒದ್ದೆ ಬಣ್ಣಕ್ಕೆ ಅದು ಹತ್ತಿದರೆ ಅಂಚು ಗರಗಸದಂತಾಗುತ್ತದೆ. ಧೂಳಿನ ಮೇಲೆ ಟೇಪೂ ಅಂಟದು. ಯಂತ್ರವಿದ್ದಲ್ಲಿ ಧೂಳೆಳೆಯುವ ಯಂತ್ರದಿಂದ, ಇಲ್ಲದಲ್ಲಿ ಒರಟು ಬ್ರಷ್ಷಿನಿಂದ ಆ ಸಂದನ್ನು ಬರಿದು ಮಾಡಿ, ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರಸಿ ಆರಲು ಬಿಟ್ಟರು.

ಇನ್ನು ಟೇಪು. ಕಾಗದದ ಮಾಸ್ಕಿಂಗ್ ಟೇಪನ್ನು ಈಗ ಎಲ್ಲ ಬಣ್ಣದಂಗಡಿಗಳೂ ಮಾರುತ್ತವೆ. ಇದು ಹುಟ್ಟಿದ್ದು ಅಮೆರಿಕದ ಮಿನೆಸೋಟಾದಲ್ಲಿ, 1925 ರಲ್ಲಿ. ಮೋಟಾರು ಗಾಡಿಗಳಿಗೆ ಎರಡು ಬಣ್ಣ ಹಚ್ಚುವ ಕೆಲಸಗಾರರು ಗಡಿರೇಖೆ ಕೆಟ್ಟು ಪಡುತ್ತಿದ್ದ ಪಾಡನ್ನು ಕಂಡು ತ್ರೀಎಂ ಸಂಸ್ಥೆಯ ರಿಚರ್ಡ್ ಡ್ರ್ಯೂ ಎಂಬವರು ಇದನ್ನು ರೂಪಿಸಿದರು. ಟೇಪಿನ ಬಹುಪಾಲು ಗಂಬಳಿಯ ಮೇಲೆ ಇರುವಂತೆಯೂ ಒಂದಂಚು ಮಾತ್ರ ಗೋಡೆಯ ಪಟ್ಟಿಗೆ ತಾಗುವಂತೆಯೂ, ಒಂದು ಮೊಳದಷ್ಟು ಉದ್ದದ ತುಂಡುಗಳಲ್ಲಿ ಅಂಟಿಸಬೇಕು. ಉದ್ದವಾಗಿ ಎಳೆದರೆ ಅದು ಓರೆಯಾಗುತ್ತದೆ. ಮುಂದಿನ ಕ್ರಿಯೆಯೇ ಮುಖ್ಯವಾದದ್ದು. ಪುಟ್ಟಿ ಹಚ್ಚುವ ತೆಳುವಾದ ಉಕ್ಕಿನ ಅಲಗಿನಿಂದ ಆ ಅಂಚನ್ನು ಗಂಬಳಿಗೂ ಪಟ್ಟಿಗೂ ನಡುವಣ ಸಂದಿನೊಳಕ್ಕೆ ಒತ್ತಿ ಇಳಿಸಬೇಕು. ಆಗ ನೂಲೆಲ್ಲ ಟೇಪಿನಡಿ ಬಾಗಿ ಹಿಂದಕ್ಕೆ ಸರಿಯುತ್ತದೆ, ಪಟ್ಟಿಯ ಬುಡ ಬಯಲಾಗುತ್ತದೆ. ಟೇಪನ್ನು ಮೇಲೆ ಅಂಟಿಸಿ ಬಿಟ್ಟುಬಿಡುವವರ ಕೆಲಸ ಕೆಡುವುದು ಈ ಒಂದು ಒತ್ತನ್ನು ಬಿಟ್ಟದ್ದರಿಂದಲೇ.

ಟೇಪಿಗೆ ಹಣವಿಲ್ಲದಿದ್ದರೆ ಹಳೆಯ ಎಕ್ಸ್‌ರೇ ಹಾಳೆಯೊಂದು ಸಾಕು. ಅದನ್ನು ನೆಟ್ಟಗೆ ಕತ್ತರಿಸಿ ಸಂದಿನೊಳಗೆ ತೂರಿಸಿ ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಹಚ್ಚುತ್ತ, ಹಾಳೆಯನ್ನು ಮುಂದುಮುಂದಕ್ಕೆ ಸರಿಸುತ್ತ ಹೋಗಬಹುದು. ಪ್ರತಿ ಸಲ ಸರಿಸುವಾಗಲೂ ಅದರ ಎರಡೂ ಮೈಗಳನ್ನು ಒರಸಬೇಕು. ಇಲ್ಲದಿದ್ದರೆ ಹಾಳೆಯ ಹಿಂಬದಿಗೆ ಜಾರಿದ ಬಣ್ಣವು ಮುಂದಿನ ಗೇಣಿನಲ್ಲಿ ಗಂಬಳಿಗೆ ಮುದ್ರೆಯೊತ್ತುತ್ತದೆ.

ನೆಲದ ಮೇಲೆ ವೃತ್ತಪತ್ರಿಕೆ ಹಾಸುವ ರೂಢಿಯ ಬಗ್ಗೆ ನಾವು ಪಕ್ಷಪಾತವಿಲ್ಲದೆ ಹೇಳಬೇಕಾಗಿದೆ. ಒಂದೇ ಹಾಳೆಯಾದರೆ, ನಮ್ಮದಾದರೂ ಸರಿಯೆ, ಬಣ್ಣ ಅದನ್ನು ಹಾಯ್ದು ಕೆಳಗಿಳಿಯುತ್ತದೆ. ಪ್ಲಾಸ್ಟಿಕ್ಕಿನ ಹಾಸಾದರೆ ಕೆಳಗಿಳಿಯದು ನಿಜ. ಆದರೆ ಮೇಲೆಯೇ ಹಸಿಯಾಗಿ ನಿಂತು, ಅಂಗಾಲಿಗೆ ಹತ್ತಿ ಕೋಣೆಯ ತುಂಬ ಸಂಚರಿಸುತ್ತದೆ. ಹಳೆಯ ದಪ್ಪ ಹೊದಿಕೆಯೇ ಉತ್ತಮ, ಬಿದ್ದ ಹನಿಯನ್ನು ಅದು ಹೀರಿ ಹಿಡಿದಿಡುತ್ತದೆ.

ಹನ್ನೊಂದು ಗಂಟೆಯ ಮೇಲೆ ಡಬ್ಬಿ ತೆರೆಯಿತು. ಡಬ್ಬಿಯನ್ನು ಗಂಬಳಿಯ ಮೇಲಿಡದೆ ಅಗಲವಾದ ತಟ್ಟೆಯೊಂದರಲ್ಲಿ ನಿಲ್ಲಿಸಿ, ಸಣ್ಣ ಲೋಟದಲ್ಲಿ ಎರಡಂಗುಲದಷ್ಟು ಮಾತ್ರ ಬಣ್ಣ ಸುರಿದುಕೊಂಡರು. ಲೋಟ ಉರುಳಿದರೂ ನಷ್ಟ ಲೋಟದಷ್ಟೇ. ಓರೆ ತುದಿಯ ಕುಂಚದ ಮೂರನೆಯ ಒಂದು ಭಾಗವನ್ನಷ್ಟೇ ಅದ್ದಿ, ಲೋಟದ ಒಳಮೈಗೆ ತಟ್ಟಿ, ಪಟ್ಟಿಯ ಮೇಲಂಚನ್ನು ಮೊದಲು, ಮೈಯನ್ನು ಅನಂತರ, ಬುಡವನ್ನು ಕೊನೆಯಲ್ಲಿ, ಆ ಹೊತ್ತಿಗೆ ಬಹುಪಾಲು ಬರಿದಾದ ಕುಂಚದಿಂದ ಎಳೆದರು. ತುಂಬಿದ ಕುಂಚವನ್ನು ಬುಡಕ್ಕೆ ಒಯ್ಯುವುದೇ ಕಲೆಯ ಜನ್ಮಸ್ಥಾನವೆಂದು ಅವರ ಅಭಿಪ್ರಾಯ. ಎರಡು ತೆಳುವಾದ ಲೇಪ, ನಡುವೆ ಡಬ್ಬಿಯ ಮೇಲೆ ಬರೆದಷ್ಟು ವಿರಾಮ. ಟೇಪನ್ನು ಅದೇ ದಿನ, ಓರೆಯಾಗಿ ಹಿಂದಕ್ಕೆ ಮಡಿಚಿ ನಿಧಾನವಾಗಿ ಎಳೆಯಬೇಕು. ದಿನಗಟ್ಟಲೆ ಬಿಟ್ಟರೆ ಅದರ ಗೋಂದು ಗಂಬಳಿಯಲ್ಲಿ ಉಳಿಯುತ್ತದೆ. ಬಣ್ಣ ಬೆರಳಿಗೆ ಅಂಟದಷ್ಟು ಆರುವವರೆಗೆ ಬಾಗಿದ ನೂಲನ್ನು ಮತ್ತೆ ಎಬ್ಬಿಸಬಾರದು. ಎಣ್ಣೆಯ ಎನಾಮಲ್ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಅದಕ್ಕೆ ರಾತ್ರಿಯೊಂದು ಬೇಕು. ನೀರಿನ ಬಣ್ಣ ನೀರಾರಿದಂತೆ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಎರಡಕ್ಕೂ ಹೆಚ್ಚು ಹೊತ್ತು.

ಇಷ್ಟಾದರೂ ಹನಿ ಬಿದ್ದರೆ? ಹುಡುಗನು ಮಾಡಿದ ತಪ್ಪುಗಳು ಎರಡು, ಅವುಗಳನ್ನು ಎಲ್ಲರೂ ಮಾಡುತ್ತಾರೆ. ಉಜ್ಜಿದ್ದು ಒಂದು, ಟರ್ಪೆಂಟೈನನ್ನು ನೇರವಾಗಿ ಗಂಬಳಿಯ ಮೇಲೆ ಸುರಿದದ್ದು ಇನ್ನೊಂದು. ಉಜ್ಜಿದರೆ ಬಣ್ಣ ನೂಲಿನ ಬುಡಕ್ಕಿಳಿಯುತ್ತದೆ. ಸುರಿದ ಟರ್ಪೆಂಟೈನು ಬಣ್ಣವನ್ನು ಕರಗಿಸಿ ಹರಡುವುದಲ್ಲದೆ, ಗಂಬಳಿಯ ಹಿಂಬದಿಗೆ ನೂಲನ್ನು ಹಿಡಿದಿಟ್ಟ ರಬ್ಬರಿನಂತಹ ಅಂಟನ್ನೂ ಸಡಿಲಿಸುತ್ತದೆ. ವೃದ್ಧರು ಬೇಕೆಂದೇ ಹಳೆಯ ಗಂಬಳಿಯ ತುಂಡೊಂದರ ಮೇಲೆ ಹನಿ ಬೀಳಿಸಿ ತೋರಿಸಿದರು: ಮೊದಲು ಚಮಚದ ಅಂಚಿನಿಂದ ಎತ್ತಬಹುದಾದಷ್ಟನ್ನು ಎತ್ತಬೇಕು. ನೀರಿನ ಬಣ್ಣವಾದರೆ ಸೌಮ್ಯ ಸಾಬೂನಿನ ನೀರು, ಎಣ್ಣೆಯದಾದರೆ ಟರ್ಪೆಂಟೈನು. ಎರಡನ್ನೂ ಬಿಳಿಯ ಬಟ್ಟೆಗೆ ತೋಯಿಸಿಕೊಂಡು, ಹೊರಗಿನಿಂದ ಒಳಕ್ಕೆ ಒತ್ತುತ್ತ, ಬಟ್ಟೆಯ ಮೈ ಬದಲಿಸುತ್ತ ಹೋಗಬೇಕು. “ಅರಿವಿಲೆ ಒತ್ತು, ತಿಕ್ಕಬ್ಯಾಡ” ಎಂಬ ಮಾತನ್ನು ನಾಲ್ಕು ಸಲ ಹೇಳಿದರು. ಗಂಬಳಿಯ ಬಣ್ಣವೇ ಬಿಡುತ್ತದೆಯೋ ಎಂದು ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸುವುದೂ ಅವಶ್ಯ. ಒಣಗಿದ ಚುಕ್ಕೆಯಾದರೆ ನೂಲಿನ ತುದಿಯನ್ನಷ್ಟೇ ಕತ್ತರಿಯಿಂದ ಸವರಬಹುದು.

ಎಣ್ಣೆ ಬಣ್ಣದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಒಣಗುವ ಎಣ್ಣೆ ಬಿಸಿಯನ್ನು ಹುಟ್ಟಿಸುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲಾರದೆ ಬೆಂಕಿಯೇ ಹೊತ್ತಬಹುದು. ಬಿಡಿಸಿ ಬಯಲಿನಲ್ಲಿ ಹರಡಬೇಕು.

ಗಂಬಳಿಗಿಂತ ಹುಡುಗನ ಶ್ವಾಸಕೋಶಕ್ಕೆ ಬೆಲೆ ಹೆಚ್ಚಾದುದರಿಂದ ಇನ್ನೊಂದು ಮಾತು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ 2016 ರಲ್ಲಿ ರಚಿತವಾಗಿ 2017 ರ ನವೆಂಬರ್ 1 ರಿಂದ ಜಾರಿಗೆ ಬಂದಿತು. ಕನ್ನಡಿಗರು ಮರೆಯಲಾರದ ತಾರೀಖು. ಅದಕ್ಕೆ ಹಿಂದಿನ ಎನಾಮಲ್ ಲೇಪಗಳಲ್ಲಿ ಸೀಸ ಹೆಚ್ಚಾಗಿರಬಹುದು. ಹಳೆಯ ಸ್ಕರ್ಟಿಂಗನ್ನು ಒಣಗಿದ್ದಾಗಲೇ ಉಪ್ಪುಕಾಗದದಿಂದ ತಿಕ್ಕಿದರೆ ಆ ಪುಡಿ ಗಂಬಳಿಯಲ್ಲಿಯೂ ಎದೆಯಲ್ಲಿಯೂ ಕೂಡುತ್ತದೆ. ನೀರಿನಲ್ಲಿ ಬಳಸುವ ಉಪ್ಪುಕಾಗದದಿಂದ ಒದ್ದೆ ಮಾಡಿ ತಿಕ್ಕಬೇಕು, ಮುಖಕ್ಕೆ ಧೂಳು ತಡೆಯುವ ಮುಸುಕು ಹಾಕಬೇಕು, ಕೈ ತೊಳೆಯದೆ ಊಟಕ್ಕೆ ಕೂಡಬಾರದು.

ಲೆಕ್ಕ ಬರೆಯುವ ಗುಮಾಸ್ತ ಮಿತ್ರರಲ್ಲಿಯೂ ನಮ್ಮದೊಂದು ಅರಿಕೆಯುಂಟು. ಸಂಬಳದ ಪಟ್ಟಿಯಲ್ಲಿ ಕಡಿತ ಬರೆಯುವ ಲೇಖನಿ ನಿಮ್ಮ ಕೈಯಲ್ಲಿರುತ್ತದೆ. 1936 ರ ವೇತನ ಪಾವತಿ ಕಾಯಿದೆಯಾಗಲಿ, ಅದರ ಸ್ಥಾನಕ್ಕೆಂದು 2019 ರಲ್ಲಿ ರಚಿತವಾದ ವೇತನ ಸಂಹಿತೆಯಾಗಲಿ ನಷ್ಟದ ಕಡಿತವನ್ನು ಯಜಮಾನನ ಇಚ್ಛೆಗೆ ಬಿಟ್ಟಿಲ್ಲ. ನಷ್ಟವು ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಕಡಿತವು ನಷ್ಟವನ್ನು ಮೀರಕೂಡದು, ಕಡಿತಕ್ಕೆ ಮೊದಲು ಅವನ ಸಮಾಧಾನವನ್ನು ಕೇಳಬೇಕು. ಮಾಣಿಯ ಕೈಗೆ ಕುಂಚ ಕೊಟ್ಟು, ಟೇಪು ಕೊಡದೆ, ಸಂಜೆಯ ಗಿರಾಕಿಗೆ ಮೊದಲೇ ಕೋಣೆ ಸಿದ್ಧವಾಗಬೇಕೆಂದು ಅವಸರಪಡಿಸಿದಲ್ಲಿ ಅಲಕ್ಷ್ಯ ಯಾರದೆಂಬುದು ವಿಚಾರಿಸಬೇಕಾದ ವಿಷಯ. ಬೈಂದೂರಿನ ಹುಡುಗನನ್ನು ಯಾರೂ ಏನೂ ಕೇಳಿರಲಿಲ್ಲ.

ಮೊನ್ನೆ ಅತ್ತ ಹೋದಾಗ ಅವನು ಹನ್ನೊಂದು ಕೋಣೆಗಳನ್ನು ಮುಗಿಸಿದ್ದನು. ಒಂದರಲ್ಲಿಯೂ ಚುಕ್ಕೆಯಿಲ್ಲ. ಜೇಬಿನಲ್ಲಿ ವೃದ್ಧರು ಕೊಟ್ಟುಹೋದ ಉಕ್ಕಿನ ಅಲಗು ಇತ್ತು. ಹಳೆಯ ಕಲೆಯಿದ್ದ ಕೋಣೆಯಲ್ಲಿ ಮಂಚವನ್ನು ಎರಡು ಮೊಳ ಸರಿಸಿ ಅದನ್ನು ಮುಚ್ಚಿದ್ದರು, ಬಾಡಿಗೆ ಎಂದಿನಂತೆಯೇ ನಡೆಯುತ್ತಿತ್ತು. ಕಡಿತದ ಒಂದು ಕಂತು ಇನ್ನೂ ಬಾಕಿಯಿತ್ತು.