ಹಾರುವ ಓತಿಯ ಸಂತಾನಕ್ರಮ

ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕೇತವನ್ನು ಕಾಣದವರು ನಮ್ಮ ಪಟ್ಟಣಗಳಲ್ಲಿಯೂ ಇರಲಾರರು. ಅದರ ಬಂಧುವೊಂದು ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಮಲೆನಾಡಿನ ಅಡಕೆಯ ತೋಟಗಳಲ್ಲಿಯೂ ವಾಸಿಸುತ್ತದೆ. ಅದೇ ಹಾರುವ ಓತಿ. ೧೯೮೦ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಿಂದ ಆ ಹೆಸರು ಕನ್ನಡಿಗರಿಗೆ ಚೆನ್ನಾಗಿ ಪರಿಚಿತವಾಯಿತು. ಆದರೆ ಹೆಸರನ್ನು ಬಲ್ಲವರು ಬಹುಮಂದಿ. ಬಾಳನ್ನು ಬಲ್ಲವರು ಕೆಲವರೇ. ಎತ್ತರದ ಮರಗಳಲ್ಲಿ, ತೊಗಟೆಯ ಬಣ್ಣದಲ್ಲಿಯೇ ಅಡಗಿರುವ ಪ್ರಾಣಿಯನ್ನು ನೋಡುತ್ತ ಕುಳಿತಿರುವುದು ಸುಲಭವಲ್ಲ. ಅದು ತನ್ನ ವಂಶವನ್ನು ಹೇಗೆ ಬೆಳೆಸುತ್ತದೆಂಬುದನ್ನು ಈಗ ವಿಚಾರಿಸೋಣ.

ಫ್ರೆಂಚ್ ವಿದ್ವಾಂಸರಾದ ಡ್ಯುಮೆರಿಲ್ ಮತ್ತು ಬಿಬ್ರೋನ್ ಎಂಬವರು ೧೮೩೭ರಲ್ಲಿ ಈ ಜೀವಿಗೆ ‘ಡ್ರಾಕೊ ಡುಸ್ಸುಮಿಯೇರಿ’ ಎಂಬ ಶಾಸ್ತ್ರೀಯ ನಾಮವನ್ನಿತ್ತರು. ಬಾಲವೂ ಸೇರಿ ಇದರ ಉದ್ದವು ಸುಮಾರು ಒಂದು ಗೇಣು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಇದರ ರೆಕ್ಕೆಯು ಹಕ್ಕಿಯ ರೆಕ್ಕೆಯಂಥದಲ್ಲ. ಕೆಲವು ಪಕ್ಕೆಲುಬುಗಳು ದೇಹದಿಂದ ಹೊರಕ್ಕೆ ನೀಳವಾಗಿ ಬೆಳೆದು ತೆಳುವಾದ ಚರ್ಮವನ್ನು ಕೊಡೆಯ ಕಡ್ಡಿಗಳಂತೆ ಬಿಡಿಸಿ ಹಿಡಿಯುತ್ತವೆ. ಆದುದರಿಂದ ಇದು ಮೇಲಕ್ಕೆ ಹಾರಲಾರದು. ಒಂದು ಮರದಿಂದ ಇನ್ನೊಂದು ಮರಕ್ಕೆ ಇಳಿಜಾರಾಗಿ ತೇಲಿಹೋಗುವುದಷ್ಟೆ. ಮುಖ್ಯ ಆಹಾರವಾದ ಇರುವೆಯೂ ನಿದ್ರೆಯೂ ಸಂಗಾತಿಯೂ ಇದಕ್ಕೆ ಮರದಲ್ಲಿಯೇ ದೊರಕುತ್ತವೆ. ಮರವು ಕೊಡಲಾರದ ವಸ್ತು ಒಂದೇ: ಮೊಟ್ಟೆಗೆ ತಕ್ಕ ಹಾಸಿಗೆ.

ಗಂಡಿನ ಗಂಟಲಿನಲ್ಲಿ ಹಳದಿ ಬಣ್ಣದ ನೀಳವಾದ ಚರ್ಮವೊಂದು ಜೋಲುತ್ತದೆ. ಹೆಣ್ಣಿಗೆ ಇದು ಬಹಳ ಚಿಕ್ಕದು. ಪ್ರಣಯಕಾಲದಲ್ಲಿ ಗಂಡು ಹೆಣ್ಣಿನ ಸಮೀಪಕ್ಕೆ ಬಂದಿಳಿದು, ಆ ಚರ್ಮವನ್ನು ಬಾವುಟದಂತೆ ಮುಂದಕ್ಕೆ ಚಾಚಿ, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ಅದರ ಸುತ್ತಲೂ ತಿರುಗುತ್ತದೆ. ಕಾಂಡದ ಮೇಲೆಯೇ ಸಮಾಗಮವು ನಡೆಯುತ್ತದೆ. ಗರ್ಭಧಾರಣೆಯು ಹೆಣ್ಣಿನ ದೇಹದೊಳಗೆ ಆಗುತ್ತದೆ.

ಅಲ್ಲಿಂದ ಮುಂದಿನ ಭಾರವೆಲ್ಲವೂ ಹೆಣ್ಣಿನದೇ. ಇದು ಬರಿಯ ಅಲಂಕಾರದ ಮಾತಲ್ಲ. ಮೊಟ್ಟೆಗಳು ಬಲಿತಂತೆ ದೇಹದ ತೂಕವು ಏರುತ್ತದೆ. ರೆಕ್ಕೆಯ ವಿಸ್ತಾರವಾದರೋ ಏರುವುದಿಲ್ಲ. ಹೀಗಾಗಿ ತೇಲಿಹೋಗುವ ಹಾದಿಯು ಕಡಿದಾಗಲೇಬೇಕು. ಇದೇ ಕುಲಕ್ಕೆ ಸೇರಿದ ಮಲಯ ದೇಶದ ಒಂದು ಜಾತಿಯಲ್ಲಿ ಹೆಣ್ಣಿನ ರೆಕ್ಕೆಯು ಗಂಡಿನದಕ್ಕಿಂತ ದೊಡ್ಡದೆಂದು ಶಾಸ್ತ್ರಜ್ಞರು ೧೯೯೮ರಲ್ಲಿ ಪ್ರಕಟಿಸಿದರು. ಗರ್ಭದ ಭಾರವೇ ಇದಕ್ಕೆ ಕಾರಣವಾಗಿರಬೇಕೆಂಬುದು ಅವರ ವಿವರಣೆ.

ದಿನ ತುಂಬಿದಾಗ, ನೆಲವನ್ನು ಮೆಟ್ಟದ ಆ ಜೀವಿಯು ಮರವನ್ನು ಬಿಟ್ಟು ಇಳಿದುಬರುತ್ತದೆ. ತಕ್ಕ ಸ್ಥಳವನ್ನು ಹುಡುಕಿ, ಮೂತಿಯಿಂದಲೇ ಮಣ್ಣನ್ನು ಕೊರೆದು ಸಣ್ಣ ಗುಳಿಯನ್ನು ಮಾಡುತ್ತದೆ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಟ್ಟು, ಮಣ್ಣನ್ನು ಮುಚ್ಚಿ, ತಲೆಯಿಂದ ತಟ್ಟಿ ತಟ್ಟಿ ಗಟ್ಟಿಮಾಡುತ್ತದೆ. ಬಳಿಕ ಮರಳಿ ಮರವನ್ನೇರುತ್ತದೆ. ಕಾವು ಕೊಡುವ ಕೆಲಸವು ಭೂಮಿಗೆ ಸೇರಿದ್ದು. ಸುಮಾರು ೫೦ ದಿನಗಳಲ್ಲಿ ಮರಿಗಳು ಹೊರಬರುತ್ತವೆ.

ಇಷ್ಟು ಅಪಾಯವನ್ನು ಎದುರಿಸಿ ಅದು ನೆಲಕ್ಕೆ ಏಕೆ ಇಳಿಯಬೇಕು? ಕೋಳಿಯ ಮೊಟ್ಟೆಯಲ್ಲಿ ಮರಿಗೆ ಬೇಕಾದ ನೀರು ಮೊದಲೇ ತುಂಬಿರುತ್ತದೆ. ಗಟ್ಟಿಯಾದ ಚಿಪ್ಪು ಅದನ್ನು ಕಾಪಾಡುತ್ತದೆ. ಓತಿಯ ಮೊಟ್ಟೆಯ ಹೊದಿಕೆಯು ಮೆತ್ತಗಿನ ಚರ್ಮದ ಹಾಗೆ ಇರುತ್ತದೆ. ಅದು ಸುತ್ತಣ ಮಣ್ಣಿನಿಂದ ತೇವವನ್ನು ಹೀರಿ ದಿನೇ ದಿನೇ ಉಬ್ಬುತ್ತದೆ. ನೆಲವು ಒಣಗಿದರೆ ಮೊಟ್ಟೆಯು ಸೊರಗುತ್ತದೆ. ನೀರು ನಿಂತರೆ ಭ್ರೂಣವು ಉಸಿರುಗಟ್ಟಿ ಸಾಯುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞರು ನಮ್ಮ ಬೇಲಿಯ ಓತಿಯಲ್ಲಿ ಕಂಡ ವಿಷಯವು ಇಲ್ಲಿ ಸ್ಮರಣೀಯ. ಮಳೆ ಬಾರದಿದ್ದರೆ ಅದು ಬಲಿತ ಮೊಟ್ಟೆಗಳನ್ನು ಹೊಟ್ಟೆಯಲ್ಲಿಯೇ ತಡೆಹಿಡಿದು ಕಾಯುತ್ತದೆ. ಬಹುಕಾಲ ಕಾದರೆ ತಾಯಿಯ ಮೈ ಇಳಿಯುತ್ತದೆ. ಮೊಟ್ಟೆಗಳ ತೂಕಕ್ಕೂ ಬಾಧೆ ತಟ್ಟುತ್ತದೆ.

ಈ ವಿಚಾರದಿಂದ ನಾವು ಕಲಿಯಬೇಕಾದುದೊಂದುಂಟು. ಮರಗಳನ್ನು ಉಳಿಸಿದರೆ ಮರದ ಜೀವಿಗಳೆಲ್ಲವೂ ಉಳಿದವೆಂದು ನಾವು ಭಾವಿಸುತ್ತೇವೆ. ಈ ಓತಿಯ ಮಟ್ಟಿಗೆ ಅದು ಅರ್ಧ ಸತ್ಯ. ಅದರ ಮುಂದಿನ ತಲೆಮಾರು ಇರುವುದು ಮರದ ಬುಡದ ಮಣ್ಣಿನಲ್ಲಿ. ತರಗೆಲೆಗೆ ಬೆಂಕಿಯಿಟ್ಟಾಗಲೂ ಬುಡವನ್ನು ಅಗೆದಾಗಲೂ ಆ ನಾಲ್ಕು ಮೊಟ್ಟೆಗಳು ನಮ್ಮ ಕಣ್ಣಿಗೆ ಬೀಳದೆಯೇ ನಾಶವಾಗಬಹುದು. ಗುದ್ದಲಿಯನ್ನು ಬಿಟ್ಟು ಕೃಷಿಯಿಲ್ಲ, ನಿಜ. ಆದರೂ ತೋಟದ ಅಂಚಿನಲ್ಲಿ ಸ್ವಲ್ಪ ನೆಲವನ್ನು ತರಗಿನ ಹೊದಿಕೆಯ ಕೆಳಗೆ ಹಾಗೆಯೇ ಬಿಡುವುದು ಯಾರಿಗೂ ದೊಡ್ಡ ನಷ್ಟವಲ್ಲ.

ಮಲೆನಾಡಿಗೆ ಹೋದಾಗ, ಮರದ ಬುಡದಲ್ಲಿ ಮೂತಿಯನ್ನು ಮಣ್ಣಿಗೆ ಊರಿದ ಹಾರುವ ಓತಿಯು ಕಣ್ಣಿಗೆ ಬಿದ್ದರೆ, ಪಾಪ, ಮರದಿಂದ ಜಾರಿಬಿದ್ದಿದೆಯೆಂದು ಅದನ್ನೆತ್ತಿ ಕಾಂಡಕ್ಕೆ ಹತ್ತಿಸಬೇಡಿ. ಅದು ಬಿದ್ದುದಲ್ಲ, ಕಾರ್ಯಾರ್ಥವಾಗಿ ಇಳಿದು ಬಂದುದು. ನಾಲ್ಕು ಹೆಜ್ಜೆ ದೂರ ಸರಿದು ನಿಲ್ಲುವುದೇ ನಾವು ಅದಕ್ಕೆ ಮಾಡಬಹುದಾದ ಉಪಕಾರ.