ಐವತ್ತನಾಲ್ಕು ಕಂಪನಗಳ ಪರೀಕ್ಷೆ

ನೀರಿನ ಒಂದು ಅಣುವಿನ ಶಕ್ತಿ ಎಷ್ಟು? ಅಣುಗಳ ಲೆಕ್ಕ ಮಾಡುವ ಗಾಸಿಯನ್ ಎಂಬ ತಂತ್ರಾಂಶವನ್ನು ಕೇಳಿದರೆ, ಸುಮಾರು -76.4 ಹಾರ್ಟ್ರೀ ಎಂಬ ಉತ್ತರ ‘ಎಸ್‌ಸಿಎಫ್ ಡನ್’ ಎಂದು ಶುರುವಾಗುವ ಸಾಲಿನಲ್ಲಿ ಸಿಗುತ್ತದೆ. ಅಂಥದ್ದೇ ತಂತ್ರಾಂಶವಾದ ಓರ್ಕಾ ಅದನ್ನು ‘ಫೈನಲ್ ಸಿಂಗಲ್ ಪಾಯಿಂಟ್ ಎನರ್ಜಿ’ ಎನ್ನುತ್ತದೆ, ಎನ್‌ಡಬ್ಲ್ಯುಕೆಮ್ ‘ಟೋಟಲ್ ಡಿಎಫ್‌ಟಿ ಎನರ್ಜಿ’ ಎನ್ನುತ್ತದೆ. ಆ ಒಂದು ಸಾಲಿನ ಹಿಂದೆ ಮುಂದೆ ನೂರಾರು, ಕೆಲವೊಮ್ಮೆ ಲಕ್ಷಾಂತರ ಸಾಲುಗಳಿರುತ್ತವೆ. ಎಲ್ಲವೂ ಮನುಷ್ಯರ ಕಣ್ಣಿಗೆಂದು ಅಚ್ಚಾದವು.

ಇವನ್ನು ಕಂಪ್ಯೂಟರಿನಿಂದಲೇ ಓದಿಸಲು ಹುಟ್ಟಿದ್ದು ಸಿಸಿಲಿಬ್ ಎಂಬ ಪೈಥಾನ್ ಸಂಗ್ರಹ. ನೋಯೆಲ್ ಓಬಾಯ್ಲ್, ಆಡಂ ಟೆಂಡರ್‌ಹೋಲ್ಟ್ ಮತ್ತು ಕರೋಲ್ ಲಾಂಗ್ನರ್ 2008ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಕಡತ ಯಾವ ತಂತ್ರಾಂಶದ್ದೇ ಆಗಿರಲಿ, ಪರಮಾಣುಗಳ ಸ್ಥಾನ, ಶಕ್ತಿ, ಕಂಪನಗಳ ಆವರ್ತನ ಎಲ್ಲವೂ ಒಂದೇ ಹೆಸರಿನಲ್ಲಿ, ಒಂದೇ ಮಾನದಲ್ಲಿ ಕೈಗೆ ಬರಬೇಕು ಎಂಬುದು ಇದರ ಹಟ.

ಹೊಸ ತಂತ್ರಾಂಶವೊಂದನ್ನು ಇದಕ್ಕೆ ಸೇರಿಸುವುದು ಮೇಲ್ನೋಟಕ್ಕೆ ಸಲೀಸು. ‘ಲಾಗ್‌ಫೈಲ್’ ಎಂಬ ಮೂಲ ಕ್ಲಾಸಿನಿಂದ ಹೊಸದೊಂದು ಕ್ಲಾಸ್ ಮಾಡಿ, ಅದರಲ್ಲಿ ‘ಎಕ್ಸ್‌ಟ್ರಾಕ್ಟ್’ ಎಂಬ ಮೆಥಡ್ ಬರೆದರಾಯಿತು. ಕಡತದ ಸಾಲುಗಳು ಒಂದೊಂದಾಗಿ ಅದರ ಮುಂದೆ ಬರುತ್ತವೆ. ಗುರುತಿನ ಪದ ಕಂಡಾಗ ಅಲ್ಲಿಂದ ಬೇಕಾದ ಸಂಖ್ಯೆಯನ್ನು ಎತ್ತಿಕೊಳ್ಳಬೇಕು. ಹೀಗೆ ಕಡತ ಓದುವ ಭಾಗವೇ ಪಾರ್ಸರ್.

ಎತ್ತಿಕೊಳ್ಳುವಾಗಲೇ, ಇಂಥ ಹಲವು ತಂತ್ರಾಂಶಗಳನ್ನು ಬರೆದಿರುವ ಫೋರ್ಟ್ರಾನ್ ತನ್ನ ವಯಸ್ಸು ತೋರಿಸುತ್ತದೆ. ಅದು ಪ್ರತಿ ಸಂಖ್ಯೆಗೂ ಇಂತಿಷ್ಟೇ ಜಾಗ ಎಂದು ಕೊಡುವ ಭಾಷೆ. ಜಾಗ ಸಾಲದಿದ್ದರೆ ಸಂಖ್ಯೆಯ ಬದಲು ಬರೀ ನಕ್ಷತ್ರ ಚಿಹ್ನೆಗಳು. ಜಾಗ ಪೂರ್ತಿ ತುಂಬಿದರೆ ಪಕ್ಕಪಕ್ಕದ ಎರಡು ಸಂಖ್ಯೆಗಳು ಅಂಟಿಕೊಳ್ಳುತ್ತವೆ. ಖಾಲಿ ಜಾಗ ನೋಡಿ ಸಾಲು ಒಡೆಯುವ ಪಾರ್ಸರ್ ಚಿಕ್ಕ ಅಣುವಿಗೆ ಸರಿಯಾಗಿ ನಡೆದು, ದೊಡ್ಡ ಅಣು ಬಂದ ದಿನ ಮುಗ್ಗರಿಸುತ್ತದೆ.

ಇಷ್ಟಾದರೂ ಇವೆಲ್ಲ ಮೇಲ್ಮೈಯ ಕಾಟ. ನಿಜವಾದ ಕಷ್ಟ ಅರ್ಥದಲ್ಲಿದೆ. ನೀರಿನ ಅಣುವಿಗೆ ಇರುವುದು 3 ಕಂಪನಗಳು. ಗಾಸಿಯನ್ ಸಾಮಾನ್ಯವಾಗಿ ಅಷ್ಟನ್ನೇ ಪಟ್ಟಿ ಮಾಡುತ್ತದೆ. ಗೇಮೆಸ್ ಎಂಬ ಇನ್ನೊಂದು ತಂತ್ರಾಂಶ ಮಾತ್ರ ಇಡೀ ಅಣುವಿನ ಚಲನೆ ಮತ್ತು ತಿರುಗುವಿಕೆಗಳನ್ನೂ ಸೇರಿಸಿ 9 ಸಂಖ್ಯೆ ಕೊಡುತ್ತದೆ. ಅಸ್ಥಿರ ರಚನೆಯ ಗುರುತಾದ ಕಾಲ್ಪನಿಕ ಆವರ್ತನವನ್ನು ಗಾಸಿಯನ್ ಋಣ ಚಿಹ್ನೆಯಿಂದ ತೋರಿಸಿದರೆ, ಗೇಮೆಸ್ ಸಂಖ್ಯೆಯ ಪಕ್ಕ ‘ಐ’ ಅಕ್ಷರ ಹಾಕುತ್ತದೆ. ಆ ಅಕ್ಷರವನ್ನು ಕಡೆಗಣಿಸಿದರೆ ಪ್ರೋಗ್ರಾಮ್ ನಿಲ್ಲುವುದಿಲ್ಲ, ದೂರುವುದೂ ಇಲ್ಲ. ರಾಸಾಯನಿಕ ಕ್ರಿಯೆಯ ನಡುಘಟ್ಟದ ಅಸ್ಥಿರ ರಚನೆಯೊಂದು ಸ್ಥಿರ ಅಣುವಿನಂತೆ ಕಾಣಿಸಿಕೊಳ್ಳುತ್ತದೆ. ಸದ್ದಿಲ್ಲದ ಇಂಥ ತಪ್ಪಿಗಿಂತ ಪ್ರೋಗ್ರಾಮ್ ಕುಸಿದು ಬೀಳುವುದೇ ವಾಸಿ.

ಅದಕ್ಕಾಗಿಯೇ ಸಿಸಿಲಿಬ್‌ನಲ್ಲಿ ಪಾರ್ಸರಿನಷ್ಟೇ ಮುಖ್ಯವಾದದ್ದು ಪರೀಕ್ಷೆ. ಅಲ್ಲಿನ ಮಾದರಿ ಅಣು 1,4-ಡೈವಿನೈಲ್‌ಬೆಂಜೀನ್: 10 ಇಂಗಾಲ, 10 ಜಲಜನಕ. ಹಾಗಾಗಿ 20 ಪರಮಾಣು, 54 ಕಂಪನ. ಎಲೆಕ್ಟ್ರಾನುಗಳನ್ನು ವರ್ಣಿಸಲು ಬಳಸುವ ಎಸ್‌ಟಿಓ-3ಜಿ ಎಂಬ ಸರಳ ಬೇಸಿಸ್‌ನಲ್ಲಿ 60 ಫಲನಗಳು. ಇವು ತಂತ್ರಾಂಶ ಬದಲಾದರೂ ಬದಲಾಗುವ ಸಂಖ್ಯೆಗಳಲ್ಲ. ಹೊಸ ಪಾರ್ಸರ್ ಬರೆದವರು ಇದೇ ಅಣುವಿನ ಲೆಕ್ಕ ಮಾಡಿಸಿ, ಹಳೆಯ ಪಾರ್ಸರುಗಳು ದಾಟಿದ ಪರೀಕ್ಷೆಯನ್ನೇ ತಮ್ಮದರಿಂದಲೂ ದಾಟಿಸಬೇಕು. 54ರ ಬದಲು 60 ಕಂಪನ ಬಂತೋ, ಚಲನೆ-ತಿರುಗುವಿಕೆಗಳು ಒಳಗೆ ನುಸುಳಿವೆ ಎಂದು ಆಗಲೇ ಗೊತ್ತಾಗುತ್ತದೆ.

ಬಳಕೆದಾರರು ಕಳಿಸುವ ಮೊಂಡು ಕಡತಗಳಿಗೆ ಬೇರೆಯೇ ಸಂಗ್ರಹವಿದೆ. ಒಂದು ಕಡತ ಓದಲಾಗದೆ ಪಾರ್ಸರ್ ಸೋತರೆ, ದೋಷ ತಿದ್ದಿ ಆ ಕಡತವನ್ನೂ ಪರೀಕ್ಷೆಗೆ ಸೇರಿಸಿಕೊಳ್ಳುತ್ತಾರೆ, ಅದೇ ದೋಷ ಮುಂದೆ ಮರುಕಳಿಸದಂತೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಒಳ್ಳೆಯ ದಾರಿಯೂ ಇದೇ: ಇಡೀ ಪಾರ್ಸರ್ ಬರೆಯಲು ಹೊರಡುವ ಬದಲು, ಈಗಾಗಲೇ ಇರುವುದರಲ್ಲಿ ತಪ್ಪಿಹೋದ ಒಂದು ಗುಣವನ್ನು ಓದಿಸುವುದು. ಹಾಗೆಂದು ಹೊಸ ಸಾಲು ಸೇರಿಸಿ ಹಳೆಯದನ್ನು ಅಳಿಸಿಬಿಡುವಂತಿಲ್ಲ. ಗಾಸಿಯನ್ 16 ಬಂದ ಮೇಲೂ ಗಾಸಿಯನ್ 03ರ ಲೆಕ್ಕಗಳು ಪ್ರಯೋಗಾಲಯಗಳ ಡಿಸ್ಕ್‌ಗಳಲ್ಲಿ ಉಳಿದಿರುತ್ತವೆ. ಅವನ್ನೂ ಇದೇ ಕ್ಲಾಸ್ ಓದಬೇಕು.