ಕಥೆ ಗೊತ್ತಿದ್ದೂ ಕಾಯುವವರು

‘ಡ್ಯೂನ್’ ಸರಣಿಯ ಮೂರನೇ ಚಿತ್ರ 2026ರ ಡಿಸೆಂಬರ್ 18ರಂದು ತೆರೆಗೆ ಬರಲಿದೆ. ಅದರ ಕಥೆ ಗುಟ್ಟೇನಲ್ಲ. ಮೂಲ ಕಾದಂಬರಿ ‘ಡ್ಯೂನ್ ಮೆಸ್ಸಾಯ’ವನ್ನು ಫ್ರಾಂಕ್ ಹರ್ಬರ್ಟ್ 1969ರಲ್ಲೇ ಪ್ರಕಟಿಸಿದ್ದರು. ಯಾರು ಗೆಲ್ಲುತ್ತಾರೆ, ಯಾರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದು ಓದಿದವರಿಗೆಲ್ಲ ಗೊತ್ತು. ಆದರೂ ಈ ಚಿತ್ರಕ್ಕಾಗಿ ಹೆಚ್ಚು ಹಂಬಲಿಸುತ್ತಿರುವವರು ಅವರೇ.

ಕಾಯುವುದು ಇವರಿಗೆ ಹೊಸದಲ್ಲ. ಡೆನಿ ವಿಲ್ನೆವ್ ನಿರ್ದೇಶನದ ಮೊದಲ ಚಿತ್ರ 2020ರ ಡಿಸೆಂಬರ್‌ನಲ್ಲಿ ಬರಬೇಕಿತ್ತು. ಕೋವಿಡ್ ಕಾರಣಕ್ಕೆ 2021ರ ಅಕ್ಟೋಬರ್‌ಗೆ ಹೋಯಿತು. ಪೋಸ್ಟರ್‌ಗಳಲ್ಲಿ ಬರೀ ‘ಡ್ಯೂನ್’ ಎಂದಿತ್ತು, ಚಿತ್ರಮಂದಿರದ ತೆರೆಯ ಮೇಲೆ ‘ಪಾರ್ಟ್ ಒನ್’ ಎಂದು ಮೂಡಿತು. ಎರಡನೇ ಭಾಗಕ್ಕೆ ಆಗಿನ್ನೂ ಒಪ್ಪಿಗೆಯೇ ಸಿಕ್ಕಿರಲಿಲ್ಲ! ಅಮೆರಿಕದಲ್ಲಿ ಬಿಡುಗಡೆಯಾದ ನಾಲ್ಕು ದಿನಕ್ಕೆ ಒಪ್ಪಿಗೆ ಬಂತು. ಸುಮಾರು 19 ಕೋಟಿ ಡಾಲರ್ ವೆಚ್ಚದ ಆ ಎರಡನೇ ಭಾಗ 2023ರ ನವೆಂಬರ್‌ಗೆ ಸಿದ್ಧವಾಗುತ್ತಿದ್ದಾಗ ಹಾಲಿವುಡ್ ಕಲಾವಿದರ ಮುಷ್ಕರ ಶುರುವಾಗಿ, ಬಿಡುಗಡೆ 2024ರ ಮಾರ್ಚ್ 1ಕ್ಕೆ ಸರಿಯಿತು.

ಆ ನಾಲ್ಕು ತಿಂಗಳು ಹೆಚ್ಚಿನವರಿಗೆ ಬೇಸರದ ಸಂಗತಿಯಷ್ಟೇ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸಾಗನೇಯಲ್ಲಿ ಒಬ್ಬರಿಗೆ ಅಷ್ಟು ಸಮಯವೇ ಉಳಿದಿರಲಿಲ್ಲ. ಗುಣವಾಗದ ಕಾಯಿಲೆಯಿಂದ ಉಪಶಾಮಕ ಆರೈಕೆಯಲ್ಲಿದ್ದ ಆ ವ್ಯಕ್ತಿಯ ಕೊನೆಯಾಸೆ, ಎರಡನೇ ಭಾಗವನ್ನು ನೋಡಬೇಕೆಂಬುದು. ಅಲ್ಲಿನ ಸೇವಾ ಸಂಸ್ಥೆಯೊಂದು ಈ ಮಾತನ್ನು ಹರಡಿತು. ಅದು ವಿಲ್ನೆವ್ ಮತ್ತು ಅವರ ಪತ್ನಿ ತಾನ್ಯಾ ಲಪ್ವಾಂತ್ ಕಿವಿಗೂ ಬಿತ್ತು. ಪ್ರಯಾಣ ಮಾಡುವ ಶಕ್ತಿ ರೋಗಿಗೆ ಇರಲಿಲ್ಲ. ಹಾಗಾಗಿ 2024ರ ಜನವರಿಯಲ್ಲಿ ನಿರ್ದೇಶಕರ ಸಹಾಯಕರೇ ಲ್ಯಾಪ್‌ಟಾಪ್ ಹಿಡಿದು ಅಲ್ಲಿಗೆ ಹೋದರು. ಇಷ್ಟು ದೊಡ್ಡ ಮರುಭೂಮಿಯ ಸಿನಿಮಾ ಹಾಸಿಗೆಯ ಪಕ್ಕದ ಪುಟ್ಟ ತೆರೆಯ ಮೇಲೆ ಓಡಿತು. ನೋವು ತಡೆಯಲಾರದೆ ಅವರು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕೆಲವೇ ದಿನಗಳಲ್ಲಿ ತೀರಿಕೊಂಡರು.

ಒಂದು ಸಿನಿಮಾಕ್ಕೆ ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ನಾನು ಈ ಘಟನೆಯನ್ನೇ ಹೇಳುತ್ತೇನೆ. ಹುಡುಗನಾಗಿದ್ದಾಗ ಕಾದಂಬರಿ ಓದಿ ಮರುಳಾದ ವಿಲ್ನೆವ್‌ಗೆ ಆ ಹಂಬಲ ಏನೆಂದು ತಿಳಿದಿತ್ತು. ಸ್ವತಃ ಅಭಿಮಾನಿಯಾದವನು ಇನ್ನೊಬ್ಬ ಅಭಿಮಾನಿಗೆ ತೋರಿದ ಗೌರವ ಅದು.

ಮೂರನೇ ಭಾಗದ ನಿರೀಕ್ಷೆಯಲ್ಲಿ ಬೇರೊಂದು ತಳಮಳವಿದೆ. ಮೊದಲೆರಡು ಚಿತ್ರಗಳಲ್ಲಿ ನಾವು ಜೊತೆಗೆ ನಡೆದ ಪಾಲ್ ಅಟ್ರೇಡಿಸ್ ಉದ್ಧಾರಕನಲ್ಲ. ವರ್ಚಸ್ಸಿನ ನಾಯಕರನ್ನು ಕಣ್ಣುಮುಚ್ಚಿ ನಂಬಬೇಡಿ ಎಂಬುದೇ ಹರ್ಬರ್ಟ್ ಆಶಯ. ಎರಡನೇ ಕಾದಂಬರಿ ಶುರುವಾಗುವಾಗ ಪಾಲ್ ಚಕ್ರವರ್ತಿಯಾಗಿ ಹನ್ನೆರಡು ವರ್ಷ ಕಳೆದಿದೆ; ಅವನ ಹೆಸರಿನ ಧರ್ಮಯುದ್ಧದಲ್ಲಿ 6,100 ಕೋಟಿ ಜನ ಸತ್ತಿದ್ದಾರೆ, ಆ ಲೆಕ್ಕ ಅವನ ಬಾಯಿಂದಲೇ ಬರುತ್ತದೆ. ಮೊದಲ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಿದ್ದ ಸಂಪಾದಕ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಈ ಎರಡನೆಯದನ್ನು ತಿರಸ್ಕರಿಸಿದರು. ನಾಯಕನ ಪತನ ಅವರಿಗೆ ರುಚಿಸಲಿಲ್ಲ.

ಕರ್ಣಪರ್ವದ ಯಕ್ಷಗಾನಕ್ಕೆ ಹೋದವರು ಕರ್ಣ ಬದುಕಿಬಿಡಬಹುದು ಎಂದು ಬೆಳಗಿನ ತನಕ ಕೂರುವುದಿಲ್ಲ. ರಥದ ಚಕ್ರ ಹೂತ ಹೊತ್ತಿನಲ್ಲಿ ವೇಷಧಾರಿ ಏನು ಮಾತಾಡುತ್ತಾನೆ, ಭಾಗವತರು ಆ ಪದವನ್ನು ಹೇಗೆ ಎತ್ತುತ್ತಾರೆ ಎಂಬುದೇ ಅವರನ್ನು ಹಿಡಿದು ಕೂರಿಸುತ್ತದೆ. ಡ್ಯೂನ್ ಓದುಗರ ಕಾತರವೂ ಇದೇ ಜಾತಿಯದು. ತಿಮೊಥಿ ಶಾಲಮೆಯ ಮುಖದಲ್ಲಿ ಪಾಲ್‌ನ ಪಶ್ಚಾತ್ತಾಪ ಹೇಗೆ ಕಾಣಿಸೀತು? ಎರಡನೇ ಚಿತ್ರದ ಕೊನೆಯಲ್ಲಿ ಸಿಟ್ಟಿನಿಂದ ಹೊರನಡೆದ ಪಾಲ್‌ನ ಪ್ರೇಯಸಿ ಚಾನಿಯನ್ನು ಚಿತ್ರಕಥೆ ಎಲ್ಲಿಗೆ ಕರೆದೊಯ್ದೀತು? ಕಾದಂಬರಿಯಲ್ಲಿ ಅವಳು ಹಾಗೆ ಹೋಗುವುದೇ ಇಲ್ಲ. ಹೀಗಾಗಿ ಪುಸ್ತಕ ಬಾಯಿಪಾಠವಿದ್ದವರಿಗೂ ಇಲ್ಲಿ ನಿಜವಾದ ಕುತೂಹಲ ಉಳಿದಿದೆ.

ಅದೇ ದಿನಕ್ಕೆ ‘ಅವೆಂಜರ್ಸ್: ಡೂಮ್ಸ್‌ಡೇ’ ಕೂಡ ನಿಗದಿಯಾಗಿದ್ದು, ಎರಡೂ ಹೆಸರು ಬೆಸೆದು ‘ಡ್ಯೂನ್ಸ್‌ಡೇ’ ಎಂಬ ಮಾತು ಹುಟ್ಟಿಕೊಂಡಿದೆ. ಗಳಿಕೆಯ ಪಂದ್ಯ ನೋಡುವವರು ನೋಡಲಿ. ನೀವು ತೆಳ್ಳಗಿನ ‘ಡ್ಯೂನ್ ಮೆಸ್ಸಾಯ’ವನ್ನು ಡಿಸೆಂಬರ್‌ಗೆ ಮೊದಲೇ ಓದಿ ಮುಗಿಸಿ. ಕಥೆ ತಿಳಿದರೆ ಸಿನಿಮಾ ಕೆಡುತ್ತದೆ ಎಂಬ ಅಳುಕು ಬೇಡ.